ಖಾಲಿ ಪಟ್ಟಿ ಪಾಸಾಗುವುದೇಕೆ, ಅದನ್ನು ನಾನು ತಡೆಯುವುದೆಲ್ಲಿ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಪಟ್ಟಿಯಲ್ಲಿರುವುದೆಲ್ಲ ನಿಜವೇ ಎಂದು ನೋಡುವ ‘ಆಲ್’ ಫಂಕ್ಷನ್ನಿಗೆ ಖಾಲಿ ಪಟ್ಟಿ ಕೊಟ್ಟರೆ ಉತ್ತರ ಟ್ರೂ (ನಿಜ), ಒಂದಾದರೂ ನಿಜವೇ ಎಂದು ನೋಡುವ ‘ಎನಿ’ಗೆ ಕೊಟ್ಟರೆ ಫಾಲ್ಸ್ (ಸುಳ್ಳು). ಜಾವಾಸ್ಕ್ರಿಪ್ಟಿನ ‘ಎವ್ರಿ’, ‘ಸಮ್’ ಕೂಡ ಹೀಗೇ. ಇದು ಬಗ್ ಅಲ್ಲ. ಜೇಬಿನಲ್ಲಿರುವ ನೋಟೆಲ್ಲ ಅಸಲಿ ಎಂಬ ಮಾತನ್ನು ಸುಳ್ಳು ಮಾಡಲು ಒಂದಾದರೂ ಖೋಟಾ ನೋಟು ತೆಗೆದು ತೋರಿಸಬೇಕು. ಜೇಬೇ ಖಾಲಿಯಿದ್ದರೆ ತೋರಿಸುವುದೇನನ್ನು? ಲೆಕ್ಕಕ್ಕೂ ಇದೇ ಹೊಂದುತ್ತದೆ. ಪಟ್ಟಿಯನ್ನು ಎರಡು ತುಂಡು ಮಾಡಿ ಬೇರೆಬೇರೆ ಪರೀಕ್ಷಿಸಿ, ಉತ್ತರಗಳನ್ನು ‘ಆಂಡ್’ನಿಂದ (ಎರಡೂ ನಿಜವಾದರಷ್ಟೇ ನಿಜ) ಸೇರಿಸಿದರೆ ಇಡೀ ಪಟ್ಟಿಯ ಉತ್ತರವೇ ಬರಬೇಕು. ಒಂದು ತುಂಡು ಖಾಲಿಯಾದಾಗಲೂ ಬರಬೇಕೆಂದರೆ ಅದರ ಉತ್ತರ ಟ್ರೂ ಆಗಲೇಬೇಕು. ಖಾಲಿ ಮೊತ್ತ 0, ಖಾಲಿ ಗುಣಲಬ್ಧ 1 ಆಗುವುದೂ ಇದಕ್ಕೇ.

ಎಡವಟ್ಟಾಗುವುದು ನಾವು ಅದನ್ನು ಬಳಸುವ ಜಾಗದಲ್ಲಿ. ಹೊಸ ಬ್ಯಾಕಪ್ ಫೈಲುಗಳ ಚೆಕ್‌ಸಮ್ (ಫೈಲು ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಎಲ್ಲವೂ ತಾಳೆಯಾದರೆ ಹಳೆಯವನ್ನು ಅಳಿಸುವ ಸ್ಕ್ರಿಪ್ಟ್ ಇದೆ ಎನ್ನಿ. ಫೋಲ್ಡರಿನ ಹೆಸರು ತಪ್ಪಿ ಪಟ್ಟಿ ಖಾಲಿ ಬಂತೋ, ತಾಳೆಯಾಯಿತೆಂದೇ ಲೆಕ್ಕ; ಹಳೆಯ ಪ್ರತಿಯೂ ಹೋಯಿತು. ಇಂಥ ಕಡೆ ನಾನು ಎರಡು ಷರತ್ತು ಬರೆಯುತ್ತೇನೆ: ಪಟ್ಟಿಯಲ್ಲಿ ಏನಾದರೂ ಇದೆಯೇ, ಇದ್ದದ್ದೆಲ್ಲ ಸರಿಯೇ. 24 ಫೈಲು ಬರಬೇಕೆಂದು ಗೊತ್ತಿದ್ದರೆ ಉದ್ದ 24 ಇದೆಯೇ ಎಂದೇ ಕೇಳುವುದು ಇನ್ನೂ ಮೇಲು. ಹಾಗೆಂದು ಎಲ್ಲ ಕಡೆ ಇದನ್ನು ತುರುಕಬಾರದು. ಲಗತ್ತು ಕಡ್ಡಾಯವಲ್ಲದ ಫಾರ್ಮಿನಲ್ಲಿ ಲಗತ್ತೇ ಇಲ್ಲದ ಅರ್ಜಿ ಪಾಸಾಗುವುದೇ ಸರಿ. ಜಾವಾಸ್ಕ್ರಿಪ್ಟಿನಲ್ಲಿ ‘ಇಫ್’ ಒಳಗೆ ಬರೀ ಅರೇ (ಅಲ್ಲಿನ ಪಟ್ಟಿ) ಹಾಕಿದರೆ ಸಾಲದು. ಅಲ್ಲಿ ಖಾಲಿ ಅರೇಯೂ ನಿಜವೇ. ಉದ್ದ 0ಗಿಂತ ಹೆಚ್ಚೇ ಎಂದು ನೋಡಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಕಳ್ಳ ಬಗ್ ಪೈಥಾನ್‌ನ ಜನರೇಟರಿನದು. ಜನರೇಟರ್ ಎಂದರೆ ಅಂಶಗಳನ್ನು ಒಂದೊಂದಾಗಿ, ಒಂದೇ ಸಲ ಕೊಡುವಂಥದ್ದು. ಡೀಬಗ್ ಮಾಡಲೆಂದು ಅದನ್ನು ಒಮ್ಮೆ ಪಟ್ಟಿ ಮಾಡಿ ಪ್ರಿಂಟ್ ಮಾಡಿದರೆ ಬರಿದಾಗುತ್ತದೆ. ಮುಂದಿನ ಸಾಲಿನ ‘ಆಲ್’ ಏನನ್ನೂ ಕಾಣದೆ ಟ್ರೂ ಎನ್ನುತ್ತದೆ. ಪ್ರಿಂಟ್ ಸಾಲು ತೆಗೆದರೆ ಉತ್ತರವೇ ಬದಲು! ‘ಫಿಲ್ಟರ್’, ‘ಮ್ಯಾಪ್’ ಕೂಡ ಪೈಥಾನ್ 3ರಲ್ಲಿ ಹೀಗೇ. ಮೇಲೆ ಹೇಳಿದ ‘ಏನಾದರೂ ಇದೆಯೇ’ ಪರೀಕ್ಷೆಯೂ ಇಲ್ಲಿ ಕಾಪಾಡುವುದಿಲ್ಲ, ಬರಿದಾದ ಜನರೇಟರೂ ‘ಇಫ್’ನಲ್ಲಿ ಟ್ರೂ. ಅದಕ್ಕೇ ಎರಡು ಸಲ ಬೇಕಾಗುವುದನ್ನೆಲ್ಲ ಮೊದಲೇ ಪಟ್ಟಿಯಾಗಿಸಿ ಹೆಸರು ಕೊಟ್ಟು ಇಟ್ಟುಕೊಳ್ಳುತ್ತೇನೆ.

ಡೇಟಾಬೇಸಿನ ರೀತಿಯೇ ಬೇರೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ‘ಆಲ್’ನಂತೆ ಕೆಲಸ ಮಾಡುವ ‘ಬೂಲ್ ಆಂಡ್’ಗೆ ಒಂದೂ ಸಾಲು ಸಿಗದಿದ್ದರೆ ಟ್ರೂ ಬರುವುದಿಲ್ಲ, ನಲ್ (ಬೆಲೆ ಗೊತ್ತಿಲ್ಲ ಎಂಬ ಗುರುತು) ಬರುತ್ತದೆ. ಅದಕ್ಕೆ ‘ನಾಟ್’ ಹಾಕಿದರೂ ನಲ್ಲೇ, ಹಾಗಾಗಿ ಸಾಲು ಆಯುವ ‘ವೇರ್’ನಂಥ ಷರತ್ತಿನಲ್ಲಿ ‘ನಾಟ್’ ಇದ್ದರೂ ಇಲ್ಲದಿದ್ದರೂ ಸಾಲು ಉದುರಿಹೋಗುತ್ತದೆ. ನಲ್ ಬಂದರೆ ಅದರ ಬದಲು ನಾವು ಹೇಳಿದ ಬೆಲೆ ಕೊಡುವ ‘ಕೋಲೆಸ್’ ಹಾಕಿ ಟ್ರೂ ಬೇಕೋ ಫಾಲ್ಸ್ ಬೇಕೋ ಎಂದು ಅಲ್ಲೇ ಬರೆದುಬಿಡುತ್ತೇನೆ.