ದೊಡ್ಡ ಟಾಯರ್ ಹಾಕಿಸಿದ ಜೀಪಿನ ಆವರೇಜ್ ಸುಧಾರಿಸುವುದು ಹೇಗೆ

ಮಳೆಗಾಲದ ಎರೆಹೊಲದ ರಾಡಿಗೆ, ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯ ಕಲ್ಲುಹಾದಿಗೆ ದೊಡ್ಡ ಟಾಯರ್ ಬೇಕೇ ಬೇಕು ಎಂದು ಹಾಕಿಸಿದವರು ಮೊದಲ ತಿಂಗಳಲ್ಲೇ ಹೇಳುವ ಮಾತು, 'ಆವರೇಜ್ ಪೂರಾ ಬಿತ್ತು.' ಅಂದರೆ ಲೀಟರಿಗೆ ಓಡುವ ಕಿಮೀ ಕಡಿಮೆಯಾಯಿತು ಎಂದು. ಬೀಳುವುದು ನಿಜ. ಆದರೆ ಎಷ್ಟು ಬಿದ್ದಿದೆ ಎಂಬುದನ್ನು ಗಾಡಿಯ ಮೀಟರ್ ಸರಿಯಾಗಿ ಹೇಳುವುದಿಲ್ಲ. ಇಂಜೆಕ್ಟರ್ ಬಿಚ್ಚಿಸುವ, ಎಂಜಿನ್ನಿನ ಸೆಟ್ಟಿಂಗ್ ಬದಲಿಸುವ ಚಿಪ್ ಕೂರಿಸುವ ಯೋಚನೆಗೆ ಮೊದಲು ಲೆಕ್ಕ ನೇರ ಮಾಡಿಕೊಳ್ಳಿ.

ಮಹೀಂದ್ರ ಥಾರ್‌ಗೆ ಬರುವ 245/75 ಆರ್ 16 ಟಾಯರನ್ನೇ ತೆಗೆದುಕೊಳ್ಳಿ. ರಿಮ್ಮಿನ 16 ಇಂಚು ಅಂದರೆ 406.4 ಮಿಮೀ. ಅಗಲ 245ರ ಶೇ 75 ಅಂದರೆ 183.75, ಮೇಲೆ ಕೆಳಗೆ ಎರಡು ಸಲ ಕೂಡಿಸಿದರೆ ಒಟ್ಟು ವ್ಯಾಸ 774 ಮಿಮೀ. ಅದೇ ರಿಮ್ಮಿಗೆ 285/75 ಹಾಕಿಸಿದರೆ 834 ಮಿಮೀ. 834ನ್ನು 774ರಿಂದ ಭಾಗಿಸಿದರೆ 1.0775. ಚಕ್ರ ಒಂದು ಸುತ್ತಿಗೆ ಸುಮಾರು ಶೇ 7.75ರಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರ್ ಮಾತ್ರ ಹಳೇ ದೂರವನ್ನೇ ಎಣಿಸುತ್ತದೆ. ಮೀಟರಿನಲ್ಲಿ 400 ಕಿಮೀ, ಹಾಕಿಸಿದ ಡೀಸೆಲ್ 40 ಲೀಟರ್ ಅಂದರೆ 10ರ ಆವರೇಜ್ ಎಂದು ಕಾಣುತ್ತದೆ. ಗಾಡಿ ನಿಜವಾಗಿ ಓಡಿದ್ದು 431 ಕಿಮೀ, ಆವರೇಜ್ 10.8. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಗೂ ಇದೇ ಗುಣಾಕಾರ ಬೇಕು.

ಟಾಯರ್ ಸವೆದಷ್ಟೂ, ಭಾರ ಏರಿದಷ್ಟೂ ಈ ಅಂಕಿ ಸ್ವಲ್ಪ ಸರಿಯುವುದರಿಂದ ರಸ್ತೆಯ ಮೇಲೆ ಒಮ್ಮೆ ತಾಳೆ ನೋಡುವುದು ಒಳ್ಳೆಯದು. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಿಲೋಮೀಟರ್ ಕಲ್ಲು ಎಣಿಸುತ್ತ 20 ಕಿಮೀ ಹೋಗಿ, ಜೊತೆಗೆ ಮೊಬೈಲಿನ ಜಿಪಿಎಸ್ ಇಟ್ಟುಕೊಳ್ಳಿ. ಮೀಟರ್ 18.6 ತೋರಿಸಿದರೆ 20ನ್ನು 18.6ರಿಂದ ಭಾಗಿಸಿ. ಬಂದ 1.075 ನಿಮ್ಮ ಗಾಡಿಯ ಅಂಕಿ. ವಿಂಡ್‌ಸ್ಕ್ರೀನಿನ ಮೂಲೆಗೆ ಬರೆದು ಅಂಟಿಸಿಡಿ.

ಆವರೇಜ್ ಅಳೆಯಲು ಮಾತ್ರ ಇಷ್ಟು ದೂರ ಸಾಲದು. ಒಂದೇ ಬಂಕು, ಒಂದೇ ಪಂಪು, ಗನ್ ಮೊದಲ ಸಲ ತಾನಾಗಿ 'ಟಕ್' ಎಂದಾಗ ನಿಲ್ಲಿಸುವುದು, ಮುಂದಿನ ಸಲವೂ ಹಾಗೆಯೇ. ನಡುವೆ ಕನಿಷ್ಠ 300–400 ಕಿಮೀ ಓಡಿರಬೇಕು. 12 ಲೀಟರ್ ತುಂಬಿಸಿದಾಗ ಒಂದು ಲೀಟರ್ ಹೆಚ್ಚುಕಡಿಮೆಯಾದರೆ ಲೆಕ್ಕ ಶೇ 8ರಷ್ಟು ತಪ್ಪುತ್ತದೆ, 40 ಲೀಟರಿನಲ್ಲಿ ಅದೇ ತಪ್ಪು ಶೇ 2.5.

ಹವಾ

ಖರ್ಚಿಲ್ಲದೆ ಹೆಚ್ಚು ಲಾಭ ಕೊಡುವುದು ಹವಾ. ಹೆಚ್ಚು ಜನ ಎಡವುವುದೂ ಇಲ್ಲೇ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿರುವ ಒತ್ತಡ ಕಂಪನಿಯ ಟಾಯರಿಗೆ ಸೇರಿದ್ದು. ನೀವು ಹಾಕಿಸಿದ್ದು ಅಳತೆಯ ಮುಂದೆ 'ಎಲ್‌ಟಿ' (ಲೈಟ್ ಟ್ರಕ್) ಎಂದು ಬರೆದ ದಪ್ಪ ಪದರಗಳ ಟಾಯರ್ ಆಗಿದ್ದರೆ ಅದೇ ಭಾರ ಹೊರಲು ಅದಕ್ಕೆ ಹೆಚ್ಚು ಹವಾ ಬೇಕು. ಸ್ಟಿಕ್ಕರ್ ನೋಡಿ ಹಾಕಿಸಿದರೆ ಟಾಯರ್ ಅರೆಹೊಟ್ಟೆಯಲ್ಲೇ ಓಡುತ್ತದೆ, ಬಿಸಿಯಾಗುತ್ತದೆ, ಡೀಸೆಲ್ ಕುಡಿಯುತ್ತದೆ.

ಸರಿಯಾದ ಒತ್ತಡ ಕಂಡುಹಿಡಿಯಲು ಸೀಮೆಸುಣ್ಣ ಸಾಕು. ಸ್ಟಿಕ್ಕರಿಗಿಂತ 3–4 ಪಿಎಸ್‌ಐ (ಬಂಕಿನಲ್ಲಿ ಹವಾ ಅಳೆಯುವ ಅಂಕಿ) ಹೆಚ್ಚು ಹಾಕಿಸಿ, ಟಾಯರಿನ ಗುಬ್ಬಿಗಳ ಮೇಲೆ ಒಂದಂಚಿನಿಂದ ಇನ್ನೊಂದಂಚಿಗೆ ದಪ್ಪ ಗೆರೆ ಎಳೆಯಿರಿ. ಸಮತಟ್ಟು ಡಾಂಬರಿನ ಮೇಲೆ ನೂರಿನ್ನೂರು ಮೀಟರ್ ನೇರ ಓಡಿಸಿ ಇಳಿದು ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಹವಾ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಗೆರೆ ಉದ್ದಕ್ಕೂ ಒಂದೇ ಸಮ ಮಾಸುವವರೆಗೆ 2 ಪಿಎಸ್‌ಐನಂತೆ ಏರಿಳಿಸಿ. ಮುಂದಿನ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಅಂಕಿ ಬರಬಹುದು, ಅದು ಸರಿಯೇ. ಟಾಯರಿನ ಬದಿಯಲ್ಲಿ ಬರೆದ ಗರಿಷ್ಠ ಒತ್ತಡವನ್ನು ಮೀರಬಾರದು. ಸಾಮಾನು ತುಂಬಿ ಓಡಿಸುವವರು ತುಂಬಿದ ಗಾಡಿಯಲ್ಲೇ ಈ ಪರೀಕ್ಷೆ ಮಾಡಲಿ.

ಹವಾ ನೋಡಬೇಕಾದದ್ದು ಬೆಳಿಗ್ಗೆ, ಗಾಡಿ ಓಡುವ ಮೊದಲು. ಉಷ್ಣತೆ 5–6 ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಇರುವ ಅಂತರಕ್ಕೇ 2 ಪಿಎಸ್‌ಐ ಮೀರುತ್ತದೆ, ಓಟದ ಬಿಸಿ ಬೇರೆ. ಮಧ್ಯಾಹ್ನ ಬಂಕಿನಲ್ಲಿ 'ಜಾಸ್ತಿ ಆಗ್ಯಾದ' ಎಂದು ಹವಾ ಬಿಡಿಸಿದರೆ ಮರುದಿನ ಬೆಳಿಗ್ಗೆ ಟಾಯರ್ ಕುಗ್ಗಿರುತ್ತದೆ. ನೈಟ್ರೋಜನ್ ತುಂಬಿಸಿದರೂ ಈ ಏರಿಳಿತ ತಪ್ಪುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ಎರೆ ರಾಡಿಗೆ ಇಳಿಯುವಾಗ 18–20 ಪಿಎಸ್‌ಐಗೆ ಇಳಿಸುವುದು ಸರಿ. ಆದರೆ ಡಾಂಬರಿಗೆ ಹತ್ತುವ ಮೊದಲು ತುಂಬಲೇಬೇಕು. ಇಷ್ಟು ದೊಡ್ಡ ಟಾಯರಿಗೆ ಲೈಟರ್ ಸಾಕೆಟ್ಟಿನ ಸಣ್ಣ ಪಂಪು ಸಾಲದು, ಫ್ಯೂಸ್ ಹೋಗುತ್ತದೆ. ಬ್ಯಾಟರಿಗೆ ನೇರ ಕ್ಲಿಪ್ ಹಾಕುವ ಪಂಪು ಇಟ್ಟುಕೊಳ್ಳಿ. ಶಹಾಬಾದ್, ಚಿತ್ತಾಪುರ ಕಡೆಯ ಫರಸಿ ಗಣಿಗಳ ಹಾದಿಯಲ್ಲಿ ಇಷ್ಟು ಇಳಿಸಬೇಡಿ. ಅಲ್ಲಿನ ಕಲ್ಲುಚೂರು ಉಬ್ಬಿದ ಟಾಯರಿನ ಬದಿಯನ್ನು ಸೀಳುತ್ತದೆ.

ರಾಡಿಯಿಂದ ಬಂದ ಮೇಲೆ ರಿಮ್ಮಿನ ಒಳಮೈ ತೊಳೆಯಿರಿ. ಎರೆಮಣ್ಣು ಅಲ್ಲಿ ಒಂದು ಕಡೆ ಅಂಟಿ ಒಣಗಿ ಚಕ್ರದ ಬ್ಯಾಲೆನ್ಸ್ ಕೆಡಿಸುತ್ತದೆ. 60–80ರ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಬ್ಯಾಲೆನ್ಸಿಂಗಿಗೆ ಓಡುವ ಮೊದಲು ಇದನ್ನು ನೋಡಿ.

ಗೇರು ಮತ್ತು ವೇಗ

ದೊಡ್ಡ ಚಕ್ರ ಅಂದರೆ ಗೇರು ತಾನಾಗಿ ಎತ್ತರವಾದಂತೆ. ಮೊದಲು 1600 ಆರ್‌ಪಿಎಂನಲ್ಲಿ ಹೋಗುತ್ತಿದ್ದ ವೇಗಕ್ಕೆ ಈಗ 1485 ಸಾಕು. ಕೇಳಲು ಲಾಭದಂತಿದೆ, ಆದರೆ ಥಾರ್‌ನ 2.2 ಡೀಸೆಲ್ ತನ್ನ 300 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ, ಪೂರ್ತಿ ಕೊಡುವುದು 1600ರಿಂದ 2800ರ ನಡುವೆ. ಅದಕ್ಕಿಂತ ಕೆಳಗೆ ಎಂಜಿನ್ ಎಳೆಯಲಾರದೆ ಗೊರಗುಟ್ಟುತ್ತದೆ, ನೀವು ಎಕ್ಸಲರೇಟರ್ ಒತ್ತುತ್ತೀರಿ, ಡೀಸೆಲ್ ಸುರಿಯುತ್ತದೆ. ಹಳೇ ರೂಢಿಯಲ್ಲಿ ಆರನೇ ಗೇರು ಹಾಕುತ್ತಿದ್ದ ವೇಗದಲ್ಲಿ ಈಗ ಐದನೆಯದರಲ್ಲೇ ಇರಿ. ಚಢಾವಿನಲ್ಲಿ ಎಂಜಿನ್ ಗೊರಗುಟ್ಟುವ ಮೊದಲೇ ಒಂದು ಗೇರು ಇಳಿಸಿ.

ವೇಗದ ವಿಷಯದಲ್ಲಿ ಗಾಳಿಯ ಅಡ್ಡಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 80ರ ಬದಲು 100ಕ್ಕೆ ಓಡಿಸಿದರೆ ಅದು ಶೇ 56 ಹೆಚ್ಚು. ಪೆಟ್ಟಿಗೆಯಂಥ ಮೈ, ಎತ್ತರಿಸಿದ ಸಸ್ಪೆನ್ಷನ್, ಹೊರಚಾಚಿದ ಅಗಲ ಟಾಯರ್ ಸೇರಿದಾಗ ಈ ಏಟು ಜೋರಾಗಿಯೇ ಬೀಳುತ್ತದೆ. ನಿಮ್ಮ ಮುಳ್ಳು 80 ತೋರಿಸುವಾಗ ನಿಜ ವೇಗ 86ರ ಹತ್ತಿರ ಇರಬಹುದು ಎಂಬುದನ್ನೂ ಮರೆಯಬೇಡಿ. ಖಾಲಿ ರೂಫ್ ಕ್ಯಾರಿಯರ್ ಇಳಿಸಿಡಿ. ಮುಂದಿನ ಬಂಪರಿಗೆ ಹಾಕಿಸುವ ಕಬ್ಬಿಣದ ಬುಲ್ ಗಾರ್ಡ್ ಇದ್ದರೆ ತೆಗೆಸಿ. ಭಾರ ಒತ್ತಟ್ಟಿಗಿರಲಿ, 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದೆ.

ಉಜ್ಜುವ ಜಾಗಗಳು

ಸಸ್ಪೆನ್ಷನ್ ಎತ್ತರಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿ ಮುಂದಿನ ಚಕ್ರಗಳು ಒಂದಕ್ಕೊಂದು ಎದುರಾಗಿ ಎಳೆಯುತ್ತವೆ. ಅಂಗೈಯನ್ನು ಟಾಯರಿನ ಮೇಲೆ ಅಡ್ಡಲಾಗಿ ಒಳಗಿನಿಂದ ಹೊರಗೆ, ಆಮೇಲೆ ಹೊರಗಿನಿಂದ ಒಳಗೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ ಕೆಟ್ಟಿದೆ ಎಂದೇ ಅರ್ಥ.

ಬ್ರೇಕು ಹಿಡಿದುಕೊಂಡಿದೆಯೇ ನೋಡಲು ಹೆಚ್ಚು ಬ್ರೇಕ್ ಒತ್ತದೆ 15–20 ಕಿಮೀ ಓಡಿಸಿ, ನಾಲ್ಕೂ ರಿಮ್ಮಿನ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದೇ ಚಕ್ರ ಕಾವು ಹೊಡೆಯುತ್ತಿದ್ದರೆ ಜಾಕ್ ಏರಿಸಿ ಕೈಯಲ್ಲಿ ತಿರುಗಿಸಿ ನೋಡಿ. ನಮ್ಮ ಧೂಳಿಗೆ ಬ್ರೇಕಿನ ಪ್ಯಾಡು ಹಿಡಿಯುವ ಕ್ಯಾಲಿಪರ್ ಜಾರಬೇಕಾದ ಸ್ಲೈಡ್ ಪಿನ್ ಒಣಗಿ ಬಿಗಿಯುವುದು ಸಾಮಾನ್ಯ. ಪಿನ್ ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿದರೆ ಸರಿಹೋಗುತ್ತದೆ. ಮಾರುತಿ ಜಿಪ್ಸಿಯವರು ಮುಂದಿನ ಚಕ್ರವನ್ನು ಆಕ್ಸಲಿಗೆ ಜೋಡಿಸುವ ಲಾಕಿಂಗ್ ಹಬ್ ಫ್ರೀಯಲ್ಲಿದೆಯೇ ನೋಡಿ. ಒಣ ಡಾಂಬರಿನ ಮೇಲೆ ಫೋರ್ ಹೈ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ, ಹಾಕಿ ಓಡಿಸಿದರೆ ಇಂಧನವೂ ಹಾಳು, ಗೇರುಗಳೂ ಹಾಳು.

ತೊಗರಿ ರಾಶಿಯ ದಿನಗಳಲ್ಲಿ, ಸೇಡಂ ಮತ್ತು ವಾಡಿಯ ಸಿಮೆಂಟು ಧೂಳಿನಲ್ಲಿ ಏರ್ ಫಿಲ್ಟರನ್ನು ಗಾಡಿಯ ಜೊತೆ ಬಂದ ಪುಸ್ತಕ ಹೇಳಿದ್ದಕ್ಕಿಂತ ಮೊದಲೇ ಬಿಚ್ಚಿ ನೋಡಿ. ಕಾಗದದ ಫಿಲ್ಟರಾದರೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಹವಾ ಊದಿ, ತೊಳೆಯಬೇಡಿ. ಟರ್ಬೊ ಪೈಪಿನ ಕ್ಲಾಂಪಿನ ಬಳಿ ಎಣ್ಣೆಯ ಜಿಡ್ಡು ಕಂಡರೆ ಅಲ್ಲಿ ಹವಾ ಸೋರುತ್ತಿರಬಹುದು. ಜಿಡ್ಡು ಒರೆಸಿ, ಕ್ಲಾಂಪ್ ಬಿಗಿ ಮಾಡಿ, ವಾರ ಬಿಟ್ಟು ಮತ್ತೆ ನೋಡಿ.

ಬಿಎಸ್ 6 ಡೀಸೆಲ್ ಗಾಡಿಯನ್ನು ಬರೀ ಊರೊಳಗೆ, ಸೂಪರ್ ಮಾರ್ಕೆಟ್ಟಿನಿಂದ ಬಸ್‌ಸ್ಟ್ಯಾಂಡಿಗೆ ಓಡಿಸಿದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆಂದು ಸಿಂಪಡಿಸಿದ ಡೀಸೆಲ್ ವ್ಯರ್ಥ, ಸ್ವಲ್ಪ ಎಂಜಿನ್ ಆಯಿಲಿಗೂ ಸೇರುತ್ತದೆ. ಆಗಾಗ ಜೇವರ್ಗಿ ರಸ್ತೆಗೋ ಹುಮನಾಬಾದ್ ರಸ್ತೆಗೋ ಇಳಿದು ಅರ್ಧ ತಾಸು ನಿಲ್ಲಿಸದೆ ಓಡಿಸಿ.

ಆಕ್ಸಲಿನ ಗೇರು ಬದಲಿಸಬೇಕೇ?

ವ್ಯಾಸ ಶೇ 5ರ ಒಳಗೆ ಹೆಚ್ಚಿದ್ದರೆ ಬೇಡ. ಶೇ 10ರ ಹತ್ತಿರ ಹೋದರೆ ಮಾತ್ರ ಆಕ್ಸಲಿನೊಳಗಿನ ಗೇರು ಜೋಡಿಯಾದ ಕ್ರೌನ್ ಪಿನಿಯನ್ ಬದಲಿಸುವ ಮಾತು. ಹಳೇ ಅನುಪಾತ 4.1 ಇದ್ದು ಟಾಯರ್ 1.0775 ಪಟ್ಟು ದೊಡ್ಡದಾದರೆ ಬೇಕಾದದ್ದು 4.42. ಫೋರ್ ಬೈ ಫೋರ್ ಗಾಡಿಯಲ್ಲಿ ಮುಂದಿನ ಹಿಂದಿನ ಎರಡೂ ಆಕ್ಸಲಿಗೆ ಒಂದೇ ಅನುಪಾತ ಹಾಕಬೇಕು, ಇಲ್ಲದಿದ್ದರೆ ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ. ತಿಂಗಳಿಗೆ 1000 ಕಿಮೀ ಓಡುವ ಗಾಡಿಯ ಆವರೇಜ್ 10.8ರಿಂದ 11.8 ಆದರೂ ಉಳಿಯುವುದು ತಿಂಗಳಿಗೆ ಸುಮಾರು 8 ಲೀಟರ್. ಎರಡು ಆಕ್ಸಲಿನ ಖರ್ಚನ್ನು ಇದರ ಎದುರು ಇಟ್ಟು ನೋಡಿ. ಟಾಯರ್ ಅಳತೆ ಇನ್ನೂ ಬದಲಿಸದವರು ಮೊದಲು ಆರ್‌ಟಿಒ ಮತ್ತು ವಿಮೆಯವರನ್ನು ಕೇಳಿಕೊಳ್ಳಿ. ಕಂಪನಿ ಕೊಟ್ಟ ವಿವರ ಮೀರಿದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. ಹಾಕಿಸಲೇಬೇಕೆಂದರೆ ಅಗಲದ್ದನ್ನು ಬಿಟ್ಟು ಎತ್ತರದ, ಕಡಿಮೆ ಅಗಲದ ಎಟಿ (ಆಲ್ ಟೆರೈನ್) ಟಾಯರ್ ಹಾಕಿಸಿ. ರಾಡಿಗೆಂದೇ ಇರುವ ಎಂಟಿಗಿಂತ (ಮಡ್ ಟೆರೈನ್) ಸಾಮಾನ್ಯವಾಗಿ ಹಗುರ, ಡಾಂಬರಿನ ಮೇಲೆ ಸಲೀಸಾಗಿ ಉರುಳುತ್ತದೆ.