ಬೇಳೆ ಬೇಯದಿದ್ದರೆ ಕುಕ್ಕರ್‌ಗೆ ಬೈಯಬೇಡಿ

ವಿಷಲ್ ಮೇಲೆ ವಿಷಲ್ ಕೂಗಿಸಿದರೂ ತೊಗರಿಬೇಳೆ ಕಾಳು ಕಾಳಾಗಿಯೇ ಇರುತ್ತದೆ. ಬೇಳೆ ಹಳೇದು, ಗ್ಯಾಸ್ಕೆಟ್ ಸರಿಯಿಲ್ಲ, ಅಂಗಡಿಯವನು ಮೋಸ ಮಾಡಿದ ಅಂತ ಎಲ್ಲರ ಮೇಲೂ ತಪ್ಪು ಹಾಕುತ್ತಾರೆ. ಕುಕ್ಕರ್‌ಗೆ ಹಾಕಿದ್ದು ಯಾವ ನೀರು ಅಂತ ಒಬ್ಬರೂ ಕೇಳುವುದಿಲ್ಲ. ನಮ್ಮ ಬೀದಿಯ ಹೊಸ ಸಂಸಾರಗಳಲ್ಲಿ ಇದನ್ನೇ ನೋಡಿ ನೋಡಿ ನನಗೆ ಸಾಕಾಗಿದೆ. ಅದಕ್ಕೇ ಬರೆಯಲು ಕೂತೆ.

ನಮ್ಮ ಚಿತ್ರದುರ್ಗದಲ್ಲಿ ಮನೆಗೆ ಬರುವ ನೀರು ಒಂದೇ ಥರದ್ದಲ್ಲ. ನಲ್ಲಿಯಲ್ಲಿ ಶಾಂತಿಸಾಗರ ಕೆರೆಯ ನೀರು, ಇಲ್ಲವೇ ವಾಣಿವಿಲಾಸ ಸಾಗರ ಅಣೆಕಟ್ಟಿನ ನೀರು. ಅದು ಬರದ ದಿನ ಬೋರ್ ನೀರು. ಅದೂ ಸಾಲದಿದ್ದರೆ ಟ್ಯಾಂಕರ್, ಅವನು ಎಲ್ಲಿ ತುಂಬಿಸಿಕೊಂಡು ಬಂದನೋ ಅವನಿಗೇ ಗೊತ್ತು. ಕೆರೆಯದು ಮೇಲೆ ನಿಂತ ಮಳೆ ನೀರು, ಅಷ್ಟು ಗಡಸಿರುವುದಿಲ್ಲ. ಬೋರ್ ನೀರು ನೂರಾರು ಅಡಿ ಕೆಳಗೆ ಬಂಡೆ ಸಂದಿಯಲ್ಲಿದ್ದು, ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಕರಗಿಸಿಕೊಂಡು ಮೇಲೆ ಬರುತ್ತದೆ. ಈಗಿನವರು ಎರಡನ್ನೂ ಒಂದೇ ಸಿಂಟೆಕ್ಸ್‌ಗೆ ಏರಿಸಿ, ಅದೇ ನೀರಲ್ಲಿ ಬೇಳೆ ಬೇಯಿಸಿ, ಅದರಲ್ಲೇ ತಲೆ ತೊಳೆದು, ಆಮೇಲೆ ಕೂದಲು ಉದುರುತ್ತದೆ ಅಂತ ಗೋಳಾಡುತ್ತಾರೆ.

ಹಿಂದೆ ಹೀಗಿರಲಿಲ್ಲ. ಸಿಹಿ ನೀರು ಅಡುಗೆಗೆ, ಸವಳು ನೀರು ಬಳಸೋದಕ್ಕೆ. ಈ ಊರಲ್ಲಿ ಸಿಹಿನೀರು ಹೊಂಡ ಅಂತ ಹೆಸರಿಟ್ಟು ಕಾಪಾಡಿಕೊಂಡವರು ಸುಮ್ನೆ ಇಡಲಿಲ್ಲ. ಕೋಟೆ ಬೆಟ್ಟದ ಕಲ್ಲಿನ ಮೇಲೆ ಬಿದ್ದ ಮಳೆ ಮೇಲಿನ ಹೊಂಡಗಳನ್ನು ತುಂಬಿಸಿ ಕೆಳಗಿಳಿದು ಬರುತ್ತಿತ್ತು. ಆ ನೀರಿಗೆ ನೆಲದೊಳಗಿನ ಉಪ್ಪು ಹೀರಿಕೊಳ್ಳುವಷ್ಟು ಪುರುಸೊತ್ತೇ ಇಲ್ಲ. ನಮ್ಮತ್ತೆ ಅಡುಗೆಮನೆಯ ಬಲಗಡೆ ಸಿಹಿ ನೀರಿನ ಬಿಂದಿಗೆ ಇಟ್ಟರೆ, ಅದಕ್ಕೆ ಕೈ ಅದ್ದುವ ಧೈರ್ಯ ಯಾರಿಗೂ ಇರಲಿಲ್ಲ. ಬಚ್ಚಲಿನ ಚೊಂಬು ಅದರ ಹತ್ತಿರ ಬಂದರೂ ಗದರುತ್ತಿದ್ದರು.

ನಿಮ್ಮ ನೀರು ಎಂಥದ್ದು ಅಂತ ತಿಳಿಯಲು ಮಿಷನ್ ಬೇಕಾಗಿಲ್ಲ. ಖಾಲಿ ಬಾಟಲಿಗೆ ಅರ್ಧ ನೀರು ಹಾಕಿ. ಬಟ್ಟೆ ಸೋಪಿನ ಬಿಲ್ಲೆಯಿಂದ ಚೂರು ಹೆರೆದು ಹಾಕಿ, ಮುಚ್ಚಿ ಚೆನ್ನಾಗಿ ಕುಲುಕಿ. ಡಿಟರ್ಜೆಂಟ್ ಬಿಲ್ಲೆ, ಪೌಡರ್ ಬೇಡ, ಅವು ಎಂಥ ನೀರಲ್ಲೂ ನೊರೆ ಬಿಡುತ್ತವೆ. ನೊರೆ ಎದ್ದು ನಿಂತರೆ ನೀರು ಮೆದು. ನೊರೆ ಬರದೆ, ಒಡೆದ ಹಾಲಿನ ಹಾಗೆ ಬಿಳಿ ಚೂರು ತೇಲಿದರೆ ಗಡಸು. ನಲ್ಲಿಯದು ಒಂದು ಬಾಟಲಿ, ಬೋರಿನದು ಒಂದು ಬಾಟಲಿ ಪಕ್ಕಪಕ್ಕ ಇಟ್ಟು ಮಾಡಿ, ಕಣ್ಣಿಗೇ ಕಾಣುತ್ತದೆ. ಲೆಕ್ಕ ಬೇಕು ಅನ್ನುವವರಿಗೆ ಹೇಳುತ್ತೇನೆ: ಕುಡಿಯುವ ನೀರಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅಂತ ಸರ್ಕಾರದ ಮಾನದಂಡ.

ಇನ್ನು ಬೇಳೆ. ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯ ಮೇಲ್ಪದರವನ್ನು ಹಿಡಿದು ಬಿಗಿ ಮಾಡುತ್ತದೆ. ಎಷ್ಟು ಕುದಿಸಿದರೂ ಅದು ಅರಳುವುದಿಲ್ಲ. ಅದಕ್ಕೆ ಚಿಟಿಕೆ ಚಿಟಿಕೆ ಅಡುಗೆ ಸೋಡ ಹಾಕುವ ಅಭ್ಯಾಸ ಬಂದಿದೆ. ಬೇಳೆ ಬೇಯುತ್ತದೆ, ನಿಜ. ಜೊತೆಗೆ ರುಚಿ ಹೋಗುತ್ತದೆ, ಬಿ1 ವಿಟಮಿನ್ನೂ ಹೋಗುತ್ತದೆ. ನನ್ನ ಅಡುಗೆಮನೆಯಲ್ಲಿ ಬೇಳೆಗೆ ಸೋಡ ಹಾಕಲು ನಾನು ಬಿಟ್ಟಿಲ್ಲ. ನಾವು ಮಾಡುವುದು ಕಾಸಿ ತಿಳಿ ತೆಗೆಯುವುದು. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ, ಅರ್ಧಂಬರ್ಧ ಮಾಡಿ ಆಗಲಿಲ್ಲ ಅನ್ನಬೇಡಿ.

ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ನೀರು ಇಡಿ. ಮುಚ್ಚಬೇಡಿ, ಆವಿ ಹೋಗಬೇಕು. ಅಂಚಲ್ಲಿ ಗುಳ್ಳೆ ಬಂತು ಅಂತ ಆರಿಸಬೇಡಿ. ನೀರು ಮಗುಚಿ ಮಗುಚಿ ಕುದಿಯಬೇಕು, ಹಾಗೆ ಕುದಿಯುವಾಗ ನೀವು ಕಟ್ಟೆ ಒರೆಸಿ, ಮಾರನೇ ದಿನದ ಕಾಳು ಆರಿಸಿ ನೆನೆಹಾಕಿ ಬರುವಷ್ಟು ಹೊತ್ತು ಬಿಡಬೇಕು. ಮೊದಲು ನೀರು ಸ್ವಲ್ಪ ಮಬ್ಬಾಗುತ್ತದೆ. ಆಮೇಲೆ ಮೇಲೆ ತೆಳುವಾದ ಬಿಳಿ ಪೊರೆ ಕಟ್ಟುತ್ತದೆ. ಬೆರಳಲ್ಲಿ ಮುಟ್ಟಿದರೆ ಸಣ್ಣ ಪುಡಿ ಹತ್ತುತ್ತದೆ, ಉಜ್ಜಿದರೆ ಗರಗರ ಅನ್ನುತ್ತದೆ. ಕರಗಿದ್ದ ಸುಣ್ಣ ಕಲ್ಲಾಗಿ ಬೇರೆಯಾಗುತ್ತಿದೆ ಅಂತ ಅರ್ಥ. ಆಗ ಒಲೆ ಆರಿಸಿ, ಪಾತ್ರೆಯನ್ನು ಅಲ್ಲೇ ಬಿಡಿ. ಇಳಿಸಬೇಡಿ, ಸರಿಸಬೇಡಿ, ಸೌಟು ಹಾಕಿ ತಿರುವಬೇಡಿ. ಬಿಸಿ ಹೋದ ಮೇಲೆ ತಟ್ಟೆ ಮುಚ್ಚಿ ಮಲಗಿ.

ಬೆಳಗ್ಗೆ ಎದ್ದು ಪಾತ್ರೆ ಎತ್ತಿ ಬಗ್ಗಿಸುತ್ತಾರೆ ನೋಡಿ, ಅಲ್ಲೇ ಎಲ್ಲ ಹಾಳು. ಅಡಿಯಲ್ಲಿ ಕೂತದ್ದೆಲ್ಲ ಎದ್ದು ಮತ್ತೆ ನೀರಿಗೆ ಸೇರುತ್ತದೆ. ಸಣ್ಣ ಸೌಟಿನಲ್ಲಿ ಮೇಲಿಂದ ಮೇಲೆ ತೆಗೆಯಬೇಕು. ಹಳೇ ಪಂಚೆಯ ಬಿಳಿ ಬಟ್ಟೆ ನಾಲ್ಕು ಮಡಿಕೆ ಮಾಡಿ ಇನ್ನೊಂದು ಪಾತ್ರೆಯ ಬಾಯಿಗೆ ಕಟ್ಟಿ, ಅದರ ಮೇಲೆ ಹನಿಸಿ. ಅಡಿಯಿಂದ ಎರಡು ಬೆರಳು ನೀರು ಉಳಿಯಲಿ, ಅದಕ್ಕೆ ಆಸೆ ಪಡಬೇಡಿ, ನೆಲ ಒರೆಸಲು ಆಗುತ್ತದೆ. ಬಟ್ಟೆಯನ್ನು ಈ ತಿಳಿ ನೀರಲ್ಲೇ ಜಾಲಿಸಿ ಬಿಸಿಲಿಗೆ ಹಾಕಿ. ಈ ನೀರಲ್ಲಿ ಬೇಳೆ ಹಾಕಿ, ಒಂದು ತೊಟ್ಟು ಎಣ್ಣೆ, ಅರಿಶಿನ ಬಿಡಿ. ಹುಣಸೆಹಣ್ಣು, ಟೊಮೆಟೊ ಬೇಳೆ ಬೆಂದ ಮೇಲೆಯೇ ಹಾಕಿ, ಹುಳಿಯೂ ಬೇಳೆಯನ್ನು ಬೇಯಲು ಬಿಡುವುದಿಲ್ಲ. ಕಾಫಿ ಡಿಕಾಕ್ಷನ್‌ಗೂ ಇದೇ ನೀರು. ವ್ಯತ್ಯಾಸ ನಾಲಿಗೆಗೇ ಗೊತ್ತಾಗುತ್ತದೆ.

ಪಾತ್ರೆಯಡಿ ಬಿಳಿ ಹಕ್ಕಳೆ ಕಟ್ಟಿದರೆ ಚಮಚದಲ್ಲಿ ಕೆರೆಯಬೇಡಿ. ಹಳೇ ಹುಣಸೆಹಣ್ಣು ಕಿವುಚಿದ ನೀರು ಹಾಕಿ ಬಿಸಿ ಮಾಡಿ ಬಿಡಿ, ತಾನೇ ಕರಗುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಹುಳಿ ಬೇಡ. ಉಳಿದ ಹುಣಸೆ ಸಿಪ್ಪೆಯಲ್ಲಿ ದೇವರ ಮನೆಯ ಹಿತ್ತಾಳೆ ದೀಪ ಉಜ್ಜಿಬಿಡಿ. ಉಜ್ಜಿ ತೊಳೆದು ಹಾಗೇ ಬೋರಲು ಹಾಕಿ ಹೋಗುತ್ತಾರಲ್ಲ, ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀರು ಒಣಗಿದ ಕಡೆಯೆಲ್ಲ ಚುಕ್ಕೆ ಚುಕ್ಕೆ ಬೀಳುತ್ತದೆ. ತೊಳೆದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ಸ್ಟೀಲ್ ನಾರು ಹಿತ್ತಾಳೆಗೆ ಮುಟ್ಟಿಸಲೇಬೇಡಿ.

ಕಾಸಿದರೆ ಎಲ್ಲ ಹೋಯಿತು ಅಂತ ತಿಳಿಯಬೇಡಿ. ಗಡಸಿನಲ್ಲಿ ಒಂದು ಭಾಗ ಕುದಿಸಿದರೆ ಹೋಗುತ್ತದೆ, ಇನ್ನೊಂದು ಭಾಗ ಹೋಗುವುದಿಲ್ಲ. ಫ್ಲೋರೈಡ್ ಅಂತೂ ಹೋಗುವುದೇ ಇಲ್ಲ, ಆವಿಯಾಗಿ ನೀರು ಕಮ್ಮಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ನಮ್ಮ ಜಿಲ್ಲೆ, ಆ ಕಡೆ ಪಾವಗಡ, ಕೋಲಾರ, ಈ ಸೀಮೆಯ ಬೋರ್‌ಗಳಲ್ಲಿ ಅದರ ಕಾಟ ಇದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬರುವುದು, ದೊಡ್ಡವರಿಗೆ ಕೀಲು ಬಿಗಿಯುವುದು ಅದರಿಂದಲೇ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಬೋರ್ ನೀರು ಕುಡಿಯುವ ಮನೆಯವರು ಜಿಲ್ಲಾ ಕೇಂದ್ರದ ನೀರು ಪರೀಕ್ಷೆ ಲ್ಯಾಬ್‌ಗೆ ಒಂದು ಬಾಟಲಿ ಕೊಟ್ಟು ಬನ್ನಿ. ಫ್ಲೋರೈಡ್ ಜಾಸ್ತಿ ಇದ್ದರೆ ಕುಡಿಯಲು, ಅಡುಗೆಗೆ ಆರ್‌ಓ ನೀರೇ ಆಗಬೇಕು, ನನ್ನ ಕಾಸುವ ಉಪಾಯ ಅಲ್ಲಿ ನಡೆಯುವುದಿಲ್ಲ.

ಹಾಗಂತ ಮನೆ ಬಾಗಿಲಿಗೆ ಬಂದವನ ಮಾತು ನಂಬಿ ಮಿಷನ್ ತಗೋಬೇಡಿ. ಎರಡು ಲೋಟ ಇಟ್ಟು, ಕರೆಂಟಿನ ಕಡ್ಡಿ ಅದ್ದುತ್ತಾನೆ. ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಕೆಸರಾಗುತ್ತದೆ, ಅವನದು ತಿಳಿಯಾಗೇ ಇರುತ್ತದೆ. ನೋಡಿ ಅಮ್ಮ, ನೀವು ಕುಡಿಯುತ್ತಿರುವುದು ಇದು ಅನ್ನುತ್ತಾನೆ. ಆ ಕೆಸರು ನೀರಿನದ್ದಲ್ಲ, ಅವನ ಕಬ್ಬಿಣದ ಕಡ್ಡಿಯದು! ಉಪ್ಪಿರುವ ನೀರಲ್ಲಿ ಕರೆಂಟ್ ಹರಿದು ಕಡ್ಡಿಯೇ ಕರಗುತ್ತದೆ. ಅವನ ನೀರಲ್ಲಿ ಉಪ್ಪಿಲ್ಲ, ಕರೆಂಟ್ ಹರಿಯುವುದಿಲ್ಲ, ಅಷ್ಟೇ. ಓದಿದ ಮಕ್ಕಳೇ ಇದಕ್ಕೆ ಮರುಳಾಗಿ ಸಾವಿರಾರು ರೂಪಾಯಿ ಎಣಿಸುತ್ತಾರೆ. ಟಿಡಿಎಸ್ ಮೀಟರ್ ಕೂಡ ಎಷ್ಟು ಕರಗಿದೆ ಅಂತ ಹೇಳುತ್ತದೆಯೇ ಹೊರತು ಏನು ಕರಗಿದೆ ಅಂತ ಹೇಳುವುದಿಲ್ಲ.

ಬಚ್ಚಲಿನ ಬಿಳಿ ಕಲೆಗೆ ಆಸಿಡ್ ಸುರಿಯುವುದನ್ನು ಬಿಡಿ. ನಲ್ಲಿಯ ಹೊಳಪು ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್ ಬಿದ್ದರಂತೂ ವಿಷದ ಗಾಳಿ ಏಳುತ್ತದೆ, ಪ್ರಾಣಕ್ಕೇ ಅಪಾಯ. ಶವರ್ ತೂತು ಕಟ್ಟಿಕೊಂಡರೆ ಪ್ಲಾಸ್ಟಿಕ್ ಕವರಿಗೆ ವಿನೆಗರ್ ಹಾಕಿ ರಾತ್ರಿ ಅದಕ್ಕೆ ಕಟ್ಟಿ. ಗೀಸರ್‌ನ ಬಿಸಿ ಪೂರ್ತಿ ಏರಿಸಬೇಡಿ, ಜಾಸ್ತಿ ಕಾದಷ್ಟೂ ಕಾಯಿಲ್‌ಗೆ ಸುಣ್ಣ ಜಾಸ್ತಿ ಹತ್ತುತ್ತದೆ. ಬಟ್ಟೆ ನೆನೆಸುವ ನೀರಿಗೆ ಮೊದಲು ವಾಷಿಂಗ್ ಸೋಡ ಕರಗಿಸಿ ಆಮೇಲೆ ಸೋಪು ಹಾಕಿ, ಅರ್ಧ ಸೋಪು ಉಳಿಯುತ್ತದೆ. ರೇಷ್ಮೆ, ಉಣ್ಣೆಗೆ ಮಾತ್ರ ಬೇಡ.

ಆರ್‌ಓ ಇರುವವರು ಅದರ ಹೊರ ಪೈಪಿನ ಕೆಳಗೆ ಬಕೆಟ್ ಇಡಿ. ಆ ನೀರು ನೆಲ ಒರೆಸಲು, ಅಂಗಳ ತೊಳೆಯಲು ಸರಿ. ದಿನಾ ತುಳಸಿಕಟ್ಟೆಗೆ ಹೊಯ್ಯಬೇಡಿ, ಮಣ್ಣಲ್ಲಿ ಉಪ್ಪು ಕೂತು ಎಲೆಯ ಅಂಚು ಸುಡುತ್ತದೆ. ನಲ್ಲಿ ನೀರು ಬಂದ ದಿನ ಒಂದು ಕೊಡ ತುಳಸಿಗೆ ಅಂತಲೇ ಹಿಡಿದಿಡಿ.