ರ‍್ಯಾಂಪ್ ಹಾಕಿದ ಮೇಲೆ ಮಂಗಳವಾರವೂ ರೂಮ್ ಖಾಲಿ ಇಲ್ಲ

ಸಕಲೇಶಪುರದ ಸುತ್ತ ಹೋಮ್‌ಸ್ಟೇ ನಡೆಸೋರಿಗೆ ಬಿಡಿಸಿ ಹೇಳಬೇಕಿಲ್ಲ. ಶನಿವಾರ ಭಾನುವಾರ ಕಾಲಿಡೋಕೆ ಜಾಗ ಇರಲ್ಲ, ಸೋಮವಾರದಿಂದ ಗುರುವಾರದವರೆಗೆ ಅಡುಗೆಯವರಿಗೆ ಸಂಬಳ ಕೊಟ್ಟು ಕೂರಿಸಬೇಕು. ಪಕ್ಕದವರು ಈಜುಕೊಳ ತೋಡಿಸಿದರು, ಆಚೆಯವರು ರೇನ್ ಡ್ಯಾನ್ಸ್ ಹಾಕಿಸಿದರು. ನಾನು ಹಿಡಿದದ್ದು ಮಂಡಿನೋವಿನವರನ್ನು, ಗಾಲಿಕುರ್ಚಿಯವರನ್ನು. ರಿಟೈರಾದವರಿಗೆ ಮಂಗಳವಾರವಾದರೇನು, ಭಾನುವಾರವಾದರೇನು? "ಹೋಮ್‌ಸ್ಟೇ ಮಾಡ್ತೀಯೋ, ನರ್ಸಿಂಗ್ ಹೋಮ್ ಮಾಡ್ತೀಯೋ" ಅಂತ ಸ್ನೇಹಿತರು ನಕ್ಕರು.

ನಮ್ಮ ಮನೆ ನೆಲದಿಂದ 2 ಅಡಿ ಮೇಲಿದೆ. 1 ಅಡಿ ಎತ್ತರಕ್ಕೆ 12 ಅಡಿ ಇಳಿಜಾರಿನ ಲೆಕ್ಕದಲ್ಲಿ 24 ಅಡಿ ರ‍್ಯಾಂಪ್ ಬೇಕು. "ಹತ್ತಡಿ ಸಾಕು ಅಣ್ಣ, ತಳ್ಳೋರು ಇರ್ತಾರಲ್ಲ" ಅಂದ ಮೇಸ್ತ್ರಿ, ಹಾಗೇ ಕಟ್ಟಿಬಿಟ್ಟ. ಕುರ್ಚಿಯಲ್ಲಿ ಗೊಬ್ಬರದ ಮೂಟೆ ಇಟ್ಟು ಅವನ ಕೈಲೇ ತಳ್ಳಿಸಿದೆ. ಅರ್ಧಕ್ಕೇ ಏದುಸಿರು. ಒಡೆಸಿದೆ, 18-20 ಸಾವಿರ ಮಣ್ಣುಪಾಲು. ಎರಡನೇದು ಎಲ್ ಆಕಾರದ್ದು, ತಿರುವಲ್ಲಿ 5 ಅಡಿ ಸಮತಟ್ಟು. ಅದರ ಮೇಲೆ ಅಂಟಿಸಿದ ಆಂಟಿ-ಸ್ಕಿಡ್ ಟೇಪ್ ಜುಲೈ ಮಳೆಗೆ ಕಿತ್ತು ಬಂತು. ಕೊನೆಗೆ ಇನ್ನೊಂದು ಪದರ ಹಾಕಿಸಿ, ಹಸಿ ಇರುವಾಗಲೇ ಕಡ್ಡಿಪೊರಕೆಯಲ್ಲಿ ಅಡ್ಡ ಗೆರೆ ಎಳೆಸಿ, ಮೇಲೆ ಶೀಟಿನ ಚಾವಣಿ ಹೊದಿಸಿದೆ. ಪಾಚಿಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ತಪ್ಪಿದ್ದಲ್ಲ.

ಬಚ್ಚಲು ಇನ್ನೂ ಸತಾಯಿಸಿತು. ಹೊಸ್ತಿಲು ತೆಗೆದ ದಿನವೇ ನೀರು ಮಂಚದಡಿಗೆ ಬಂತು. ವಾಟವನ್ನು ಹಿಂದಿನ ಗೋಡೆ ಕಡೆಗೆ ತಿರುಗಿಸಿ, ಬಾಗಿಲಗಲಕ್ಕೂ ಸ್ಟೀಲ್ ಜಾಲರಿ ಕೂರಿಸಿದ ಮೇಲೆ ನಿಂತಿತು. ಬಾಗಿಲು 3 ಅಡಿ, ಹೊರಕ್ಕೆ ತೆರೆಯೋದು. ಕಮೋಡಿನ ಪಕ್ಕದ ಹಿಡಿಕೆಗೆ ಟವೆಲ್ ರಾಡ್ ಹಾಕಿ ಮೋಸ ಹೋಗಬೇಡಿ; ನನ್ನದನ್ನು ಗೇಟ್ ಮಾಡೋ ವೆಲ್ಡರ್ ಹತ್ತಿರ ಮಾಡಿಸಿದ್ದು, ನಾನೇ ಜೋತುಬಿದ್ದು ನೋಡಿದ್ದೇನೆ. ಒಡೆಸಿದ್ದೂ ಸೇರಿ ಎರಡೂಕಾಲು ಲಕ್ಷದ ಹತ್ತಿರ ಆಗಿರಬೇಕು.

ಬುಕಿಂಗ್ ಆ್ಯಪ್‌ಗಳಲ್ಲಿ 'ವೀಲ್‌ಚೇರ್ ಫ್ರೆಂಡ್ಲಿ' ಅಂತ ಟಿಕ್ ಎಲ್ಲರೂ ಹಾಕಿರುತ್ತಾರೆ, ಹೋಗಿ ನೋಡಿದರೆ ಬಾಗಿಲಲ್ಲೇ ಮೂರು ಮೆಟ್ಟಿಲು. ಆ ಮೋಸಕ್ಕೆ ಸಿಕ್ಕಿದವರು ಟಿಕ್ ನಂಬಲ್ಲ. ನಾನು ಬಾಗಿಲು, ಮಂಚ, ಕಮೋಡು ಎಲ್ಲಕ್ಕೂ ಅಳತೆ ಟೇಪ್ ಹಿಡಿದು ವಾಟ್ಸ್ಯಾಪಲ್ಲಿ ವಿಡಿಯೊ ಕಳಿಸ್ತೇನೆ. ಬುಕಿಂಗ್ ತಂದದ್ದು ರ‍್ಯಾಂಪಿಗಿಂತ ಈ ವಿಡಿಯೊ. ಒಬ್ಬ ಅಜ್ಜಿ ಬಂದರೆ ಜೊತೆಗೆ ಆರೇಳು ಜನ, ನೇರ ಫೋನಾದ್ದರಿಂದ ನೂರಕ್ಕೆ 18-20 ಕಮಿಷನ್ನೂ ಉಳಿತು. ಈಗ ತಿಂಗಳಲ್ಲಿ ಮೂರು ವಾರ ನಡುವಾರವೂ ಭರ್ತಿ. ಮೊದಲ ನಾಲ್ಕು ಕುಟುಂಬ ಎಲ್ಲಿ ಹಿಡಿದೆ ಅನ್ನೋದನ್ನು ಮಾತ್ರ ಕೇಳಬೇಡಿ.

ಮಂಜರಾಬಾದ್ ಕೋಟೆಗೆ ಇವರನ್ನು ಕಳಿಸಲ್ಲ, ಮೆಟ್ಟಿಲು ಹೆಚ್ಚು. ಬೇಲೂರಿಗೆ ಬೆಳಿಗ್ಗೆಯೇ ಹೊರಡಿಸ್ತೇನೆ, ಬರಿಗಾಲಿಗೆ ಕಲ್ಲು ಕಾಯೋ ಮುಂಚೆ. ಜಗತಿ, ಅಂದರೆ ಗುಡಿ ನಿಂತಿರೋ ಎತ್ತರದ ಕಟ್ಟೆ, ಏರೋಕಾಗದವರೂ ಅಂಗಳದಿಂದಲೇ ಹೊರಗೋಡೆ ಕೆತ್ತನೆ ನೋಡಿ ಬರುತ್ತಾರೆ.

ನಡುವೆ ಇನ್ನೊಂದು ಹುಚ್ಚು: ಕಣ್ಣು ಕಾಣದವರು ಒಬ್ಬರು ಬಂದಿದ್ದರು, ಅವರಿಗಾಗಿ ತೋಟದಲ್ಲಿ ಹಗ್ಗ ಕಟ್ಟಿದೆ. ಏಲಕ್ಕಿ, ಮೆಣಸು, ಕಾಫಿ ಗಿಡ ಬಂದಲ್ಲೆಲ್ಲ ಒಂದು ಗಂಟು. ಹೂಮಳೆ ಬಿದ್ದು ಕಾಫಿ ಹೂವಾಗಿದ್ದಾಗ ಅವರು ಒಳಗೇ ಬರಲಿಲ್ಲ. ಮಳೆಗಾಲಕ್ಕೆ ಹಗ್ಗ ಕೊಳೆಯಿತು, ಈಗ ಬಿದಿರು ಕಟ್ಟಿದ್ದೇನೆ. ಇದರಿಂದ ಕಾಸೇನೂ ಹುಟ್ಟಿಲ್ಲ.

ಇನ್ನು ಊಟದ ಮೇಜು ಬಾಕಿ. ಗಾಲಿಕುರ್ಚಿಯ ಕೈ ಅದಕ್ಕೆ ತಗಲುತ್ತೆ. ಕಾಲಿಗೆ ಎರಡಿಂಚು ಮರ ಕೊಟ್ಟರೆ ಆಯಿತು, ಆಚಾರಿ ಸಿಗಬೇಕಷ್ಟೆ.